ಪರಸಿಯ ಮನೆಗೆ ಬಂದ ‘ಫ್ಲಫಿ’ ಗಾದಿ

ಘಟನೆಯ ದಿನ ಯುಗಾದಿಯ ಮರುದಿನ. ಆಧಾರ, ಶಹಾಬಾದದ ನಮ್ಮ ಸೋದರಮಾವನ ಮನೆಯ ಗೋಡೆ ಕ್ಯಾಲೆಂಡರು. ನನ್ನ ಫೋನಿನೊಡನೆ ತಾಳೆ ನೋಡಿಯೇ ಬರೆಯುತ್ತಿದ್ದೇನೆ. ಆದರೆ ನಮ್ಮ ಮಾಮಾನಿಗಿಂತ ಗಟ್ಟಿಯಾದ ಪದಾರ್ಥ ಆ ಊರಿನ ಯಾವ ಕಲ್ಲುಗಣಿಯಲ್ಲೂ ದೊರೆತಿಲ್ಲ ಎಂಬುದಕ್ಕೆ ಆಧಾರವೇ ಬೇಕಿಲ್ಲ! ಆಯುಷ್ಯವೆಲ್ಲ ನೆಲಕ್ಕೆ ಹಾಸುವ ಪರಸಿಕಲ್ಲು ಮಾರಿದವರು. ಮಲಗುವುದೂ ಬರಿ ಪರಸಿಯ ಮೇಲೆ. ದಿಂಬು? ಅದು ಕೂಸುಗಳ ಚಟವಂತೆ!

ಅಂಥ ಮನೆಗೆ ಮಗಳು ಒಂದು ಗಾದಿ ಕಳಿಸಿದ್ದಳು. ಮಾಮಾನ ಹೆಂಡತಿ, ನಮ್ಮ ಅತ್ತಿಯವರಿಗೆ ಸೊಂಟನೋವು, ವಾರದಿಂದ ಕಣ್ಣಿಗೆ ನಿದ್ದೆಯಿಲ್ಲ. ಗಾದಿ ಮಾತ್ರ ಹಗ್ಗ ಬಿಚ್ಚದೆ ಗೋಡೆಗೆ ಒರಗಿ ನಿಂತಿತ್ತು. ಕವರಿನ ಮೇಲೆ ‘ಫ್ಲಫಿ’ ಎಂಬ ಇಂಗ್ಲಿಷ್ ವಿಶೇಷಣ. ಅರ್ಥ ತಿಳಿಯದ ಸಾಮಾನನ್ನು ಹಾಸುವುದುಂಟೇ? ನಿವೃತ್ತ ಸಂಶೋಧಕನಾದ ನನಗೆ ಕರೆ ಬಂತು.

ನಿಘಂಟು ತೆರೆದು ಹೇಳಿದೆ: “ಹಗುರ, ಮೆತ್ತಗ, ಒಳಗ ಗಾಳಿ ಆಡೋವಂಥದ್ದು, ಮಾಮಾ. ಹಿಂಜಿದ ಹತ್ತಿ ಇರ್ತದಲ್ಲ, ಹಂಗ.”

“ಬೆಕ್ಕಿಗಿ ಅನಬಹುದೇನು?”

“ಅನಬಹುದ್ರಿ.”

“ರೊಟ್ಟಿಗಿ?”

“ಬ್ಯಾಡ್ರಿ. ಇಡ್ಲಿಗಿ ಅನ್ರಿ.”

“ನಿಮ್ಮತ್ತಿಗಿ?”

ಒಳಗಿನಿಂದ ಅತ್ತಿಯ ದನಿ ಬಂತು: “ನನಗ್ಯಾಕ ಅಂತಾನ? ನಿಮ್ಮ ಸಂಗಟ ಇದ್ದು ಇದ್ದು ನಾನೂ ಪರಸಿ ಆಗೀನಿ! ಮೊದಲ ಆ ಹಗ್ಗ ಬಿಚ್ಚರಿ.”

ಮಾಮಾ ಸೋಲುವವರೇ? “ಗಾಳಿ ಸೊಂಟಕ್ಕ ಏನು ಆಸರ ಕೊಡ್ತದ? ಮೊದಲ ನಾ ಮಲಗಿ ಪರೀಕ್ಷಾ ಮಾಡ್ತೀನಿ. ಪಂಡಿತಾ, ನೀ ಅಂಗಳದಾಗ ಕುಂದ್ರು.”

ಊಟವಾದ ಮೇಲೆ ಗಾದಿಯನ್ನು ಒಳಕೋಣೆಗೆ ಒಯ್ದರು. ಅರ್ಧ ತಾಸಿನ ಮೇಲೆ, ಆ ಕೋಣೆಯ ಹೊಸ್ತಿಲ ಬಳಿ ಬಿದ್ದ ಕವರಿನ ಅಕ್ಷರಗಳನ್ನು, ಮುಂದೆ ತಾಳೆ ನೋಡಲೆಂದು, ನಾನು ಫೋನಿನಲ್ಲಿ ಸೆರೆಹಿಡಿದು ಅಂಗಳದ ಬೇವಿನ ನೆರಳಿಗೆ ಹೋದೆ.

ಸಂಜೆ ಮಾಮಾ ತೀರ್ಪು ಕೊಟ್ಟರು: “ಇಡೀ ಮಧ್ಯಾಹ್ನ ನಾನೇ ಮಲಗಿದ್ದೆ. ಭಾಳ ಖರಾಬ್ ಅದ. ಗಂಡಸು ಮಲಗೋ ಸಾಮಾನಲ್ಲ. ನಿಮ್ಮತ್ತಿಗೇ ಇರಲಿ!”

ಅತ್ತಿ ನಕ್ಕರು, ತಿದ್ದಲಿಲ್ಲ. ವಾಡಿ, ಚಿತ್ತಾಪುರದ ನೆಂಟರಿಗೆಲ್ಲ ಮಾಮಾ ಇದನ್ನೇ ಹೇಳಿದರು. ನಾನೂ ನಂಬಿದ್ದೆ.

ಇದನ್ನು ಬರೆಯುವ ಮುನ್ನ ಆ ಚಿತ್ರ ತೆರೆದು ನೋಡಿದೆ. ಸಮಯ ಕಡುಮಧ್ಯಾಹ್ನ. ಕವರಿನ ಆಚೆ, ತೆರೆದ ಬಾಗಿಲಿನೊಳಗೆ, ಅತ್ತಿ ಗಾದಿಯ ಮೇಲೆ ಬಾಯ್ದೆರೆದು ನಿದ್ರಿಸುತ್ತಿದ್ದಾರೆ. ಅಂದು ಕರೆಂಟು ಹೋಗಿತ್ತು. ಪಕ್ಕದಲ್ಲಿ ಬರಿ ಪರಸಿಯ ಮೇಲೆ ಕುಳಿತ ಮಾಮಾನ ಕೈಯಲ್ಲಿ ಬೀಸಣಿಗೆ, ಅತ್ತಿಯ ಮುಖದತ್ತ ವಾಲಿದೆ.

ಅದು ಆಗಲೂ ನನ್ನೆದುರಿಗೇ ಇತ್ತು. ನಾನು ಅಕ್ಷರಗಳನ್ನು ನೋಡುತ್ತಿದ್ದೆ.