ಮೊದಲ ಬುರುಡೆ ಅತ್ತೆಗೆ

"ಅಂಗಡಿ ಪುಡಿ ಕುಡಿಯೋರೆಲ್ಲ ಒಣಹುಲ್ಲು ಮೇಯೋ ದನಗಳು! ಪರಾನಾ ಕಾಡಿನ ಮಾಟೆ ಅಂದ್ರೆ ಏನು ಅಂತ ಭಾನುವಾರ ತೋರಿಸ್ತೀನಿ!" ಎಂದು ಅವೆಲಿನೊ ಎದೆ ತಟ್ಟಿಕೊಂಡ. ಭೂಮಿಯಿಲ್ಲದವರು ಭೂಮಿ ಹಿಡಿಯುವ ಹೋರಾಟದಲ್ಲಿ ಪೊಲೀಸರ ಕುದುರೆಗೆ ಎದುರು ನಿಂತ ಗಂಡು! ಹಾಗೆ ಹಿಡಿದ ನೆಲದ ವಸಾಹತಿನಲ್ಲಿ ಮಾಟೆ ಹುರಿಯುವ ಒಲೆ ಯಾರ ಸುಪರ್ದಿಗೆಂದು ಭಾನುವಾರ ರುಚಿ ನೋಡಿ ವೋಟಿನಲ್ಲಿ ತೀರ್ಮಾನ. ಪಟ್ಟ ತನ್ನದೇ ಎಂದು ನಂಬಿದ್ದ. ಅಲ್ಲಿ ಚಹಾದಂತೆ ಕುದಿನೀರು ಹೊಯ್ದ ಈ ಮಾಟೆ ಎಲೆಯ ಪುಡಿಯನ್ನು ಕುಡಿಯುವುದು ಸೋರೆಬುರುಡೆಯಲ್ಲಿ, ಕೊಳವೆ ಇಟ್ಟು. ಅವೆಲಿನೊ ಕುಡಿದ ಬುರುಡೆಗಿಂತ ಬಿಟ್ಟ ಬುರುಡೆಯೇ ಹೆಚ್ಚು.

ಕಾಡಿನಿಂದ ಅವನು ಹೊತ್ತು ತಂದ ಸೊಪ್ಪಿನಲ್ಲಿ ಹೆಂಡತಿ ಜುಲ್ಮೀರಾ ಒಂದು ಎಲೆ ಎತ್ತಿದಳು.

"ಅಂಚಿಗೆ ಗರಗಸದ ಹಲ್ಲೆಲ್ಲಿ? ಇದು ಮಾಟೆಯ ದಾಯಾದಿ, ಕೌನಾ ಕಣೋ! ಕುಡಿದ್ರೆ ಕರುಳೇ ಆಚೆ ಬರುತ್ತೆ."

"ಎಳೇ ಎಲೆ ಕಣೇ, ಇನ್ನೂ ಹಲ್ಲು ಬಂದಿಲ್ಲ!"

ಹುರಿದ. ಕುಟ್ಟಿದ. ಭಾನುವಾರ ಹದಿನೈದು ಜನ ಸುತ್ತ ಕೂತರು. ಮಾಟೆ ಮಾಡಿದವನೇ ಮೊದಲ ಬುರುಡೆ ಕುಡಿಯಬೇಕು, ಅದು ರೂಢಿ. ಅತ್ತೆಯ ವೋಟಿನ ಆಸೆಗೆ ಅವೆಲಿನೊ ಅದನ್ನೂ ಮುರಿದ.

"ಮೊದಲ ಬುರುಡೆ ನಮ್ಮತ್ತೆಗೆ!"

ಎಂಬತ್ತೊಂದರ ಅತ್ತೆ ಲೆಯೊಕಾದಿಯಾ ಮೂಸಿದಳು. ಅಳಿಯನ ಮುಖ ನೋಡಿದಳು. ತಳ ಗೊರಗೊರ ಅನ್ನುವವರೆಗೂ ಕೊಳವೆಯಲ್ಲಿ ಹೀರಿದಳು. ಆಮೇಲೆ ಲಂಗ ಎತ್ತಿ ಹಿಡಿದು ಕಕ್ಕಸಿನ ಕಡೆ ಓಡಿದಳು! ಹತ್ತು ವರ್ಷದಿಂದ ಕೋಲಿಲ್ಲದೆ ನಡೆಯದ ಮುದುಕಿ!

ಅವೆಲಿನೊ ಬುರುಡೆಯ ತಳದಲ್ಲುಳಿದ ಒದ್ದೆ ಪುಡಿಗೆ ಬೆರಳದ್ದಿ ನೆಕ್ಕಿದ. ವಿಷದಂಥ ಕಹಿ! ಎದ್ದುಬಿದ್ದು ಹಿಂದೆ ಓಡಿದ.

ಬಾಗಿಲ ಹಿಂದೆ ನರಳಾಟ. ಆಮೇಲೆ ಅದೂ ಇಲ್ಲ.

"ಅತ್ತೆ? ಅತ್ತೇ!"

ಪೊಲೀಸರ ಲಾಠಿಗೆ ಹೆದರದ ಗಂಡು ಕಕ್ಕಸಿನ ಬಾಗಿಲನ್ನು ಎರಡೂ ಕೈಯಿಂದ ದಬದಬ ಬಡಿದ.

"ಕೊಂದೆಯಲ್ಲೋ ನಮ್ಮವ್ವನ್ನ!" ಬೆನ್ನ ಹಿಂದೆ ಜುಲ್ಮೀರಾ ಕೂಗಿದಳು.

ಅವನು ಮಣ್ಣಿಗೆ ಕುಸಿದ. "ಅತ್ತೆ, ಅದು ಕೌನಾ! ಇವಳು ಹೇಳಿದ್ಲು, ನಾನು ಕೇಳ್ಲಿಲ್ಲ. ತಪ್ಪು ನಂದೇ! ಸಾಯ್ಬೇಡಿ ಅತ್ತೆ!"

"ಮೂಸಿದಾಗ್ಲೇ ಗೊತ್ತಾಯ್ತು ಬಿಡೋ," ಒಳಗಿನಿಂದ ದನಿ ಬಂತು.

"ಗೊತ್ತಿದ್ದೂ ಯಾಕೆ ಕುಡಿದ್ರಿ?"

"ನೀನು ಅಳಿಯ ಆಗಿ ಮೂವತ್ತೊಂದು ವರ್ಷ. 'ತಪ್ಪು ನಂದು' ಅಂತ ನಿನ್ನ ಬಾಯಲ್ಲಿ ಒಂದ್ಸಲನಾದ್ರೂ ಕೇಳಿ ಸಾಯೋಣ ಅಂತಿದ್ದೆ. ಒಲೆಗೆ ನನ್ನ ವೋಟು ನನ್ನ ಮಗಳಿಗೆ. ನೀನು ಇನ್ನೊಂದ್ಸಲ ಜೋರಾಗಿ ಹೇಳು, ಆ ಕಡೆ ಕೂತೋರಿಗೂ ಕೇಳ್ಲಿ!"

ಹೇಳಿದ. ಹದಿನೈದು ಜನಕ್ಕೂ ಕೇಳಿಸಿತು.

"ಹಾಂ. ಈಗ, ಗೆದ್ದ ಮೇಲೆ ಓದೋಕೆ ಅಂತ ಜೇಬಲ್ಲಿ ಭಾಷಣ ಬರ್ಕೊಂಡಿದ್ದೀಯಲ್ಲ, ಅದನ್ನ ಬಾಗಿಲ ಕೆಳಗೆ ತಳ್ಳು. ಇಲ್ಲಿ ಒರೆಸ್ಕೊಳ್ಳೋಕೆ ಕಾಗದ ಇಲ್ಲ!"