ಭಾವಮೈದುನನ ಇನ್ನೂರ ಅರವತ್ತು ಕುದುರೆಗಳು

ಹೆಣ್ಣಿನ ವಯಸ್ಸು, ಗಂಡಿನ ಸಂಬಳ ಕೇಳಬಾರದು ಅಂತ ಹಿರಿಯರು ಹೇಳಿದ್ದಾರೆ. ಅವರ ಕಾಲದಲ್ಲಿ ಬೋರ್‌ವೆಲ್ ಇದ್ದಿದ್ದರೆ ಮೋಟಾರಿನ ಕುದುರೆಶಕ್ತಿಯನ್ನೂ, ಅಂದರೆ ಎಚ್.ಪಿ.ಯನ್ನೂ ಕೇಳಬಾರದು ಅಂತ ಸೇರಿಸುತ್ತಿದ್ದರು. ನಾನು ರಾಯದುರ್ಗದಲ್ಲಿ ಬೋರಿನ ಮೋಟಾರುಗಳನ್ನು ಮಾರುವವನು. ಸುಟ್ಟು ಬಂದ ಮೋಟಾರುಗಳಿಗೆ ಹೊಸ ತಂತಿ ಸುತ್ತಿಸಿಕೊಡುವುದೂ ಉಂಟು. ಈ ಕಸುಬಿನಲ್ಲಿ ಅರ್ಧ ತಲೆಕೂದಲು ಉದುರಿಹೋದರೂ ಎಚ್.ಪಿ. ವಿಷಯದಲ್ಲಿ ನಿಜ ನುಡಿದ ಮನುಷ್ಯನನ್ನು ನಾನು ಕಂಡದ್ದು ಅಪರೂಪ. ಕರೆಂಟಿನವರು ಬಂದು ಕೇಳಿದರೆ ಐದು ಅನ್ನುವ ರೈತ, ಪಕ್ಕದ ಹೊಲದವನು ಕೇಳಿದರೆ ಅದೇ ಮೋಟಾರನ್ನು ಹತ್ತು ಅನ್ನುತ್ತಾನೆ. ಮೋಟಾರು ಮಾತ್ರ ಬೋರಿನ ತಳದಲ್ಲಿ ಮುಳುಗಿ ಕೂತು, ಯಾರ ಗೊಡವೆಗೂ ಹೋಗದೆ ಏಳೂವರೆಯ ಕೆಲಸವನ್ನು ತೆಪ್ಪಗೆ ಮಾಡುತ್ತಿರುತ್ತದೆ.

ಈ ಸುಳ್ಳು ನೀರಾವರಿಗೆ ಮಾತ್ರ ಸೇರಿದ್ದು ಅಂತ ನಾನು ನಂಬಿದ್ದೆ. ನನ್ನ ಭಾವಮೈದುನ ಮಂಜ ಕಾರು ತಂದ ಮೇಲೆ ಕಣ್ಣು ತೆರೆಯಿತು. ಮಂಜ ಮಡಕಶಿರಾ ಕಡೆಯವನು, ಅಗಳಿಯ ಹತ್ತಿರದ ಹಳ್ಳಿ. ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುತ್ತಾನೆ. ಒಳ್ಳೆಯ ಹುಡುಗ, ಬೀಡಿ ಇಲ್ಲ, ಇಸ್ಪೀಟಿಲ್ಲ. ಆ ಪುಣ್ಯವನ್ನೆಲ್ಲ ಒಟ್ಟು ಹಾಕಿ ಒಂದೇ ಚಟಕ್ಕೆ ಸುರಿದಿದ್ದಾನೆ. ಒಂದು ಹಳೆಯ ಸ್ಪೋರ್ಟ್ಸ್ ಕಾರು. ಕೆಂಪು ಬಣ್ಣ, ಎರಡೇ ಬಾಗಿಲು, ನೆಲಕ್ಕೆ ಅಂಟಿಕೊಂಡಂಥ ಹೊಟ್ಟೆ. ನಮ್ಮತ್ತೆಯವರು ಮೊದಲ ಸಲ ಅದನ್ನು ನೋಡಿದಾಗ, "ಇದೇನ್ಲಾ ಮಂಜ, ಮೇಲಿನ ಅರ್ಧ ಯಾವಾಗ್ ತರ್ತೀಯ?" ಅಂತ ಕೇಳಿದರಂತೆ.

ಅದರ ಇಂಜಿನ್ನಿಗೆ ಟರ್ಬೊ ಇದೆ. ಹಾಗೆಂದರೇನು ಅಂತ ಮಂಜ ನನಗೆ ಒಂದು ಇಡೀ ಮಧ್ಯಾಹ್ನ ವಿವರಿಸಿದ್ದಾನೆ. ಇಂಜಿನ್ನು ಬಿಡುವ ಹೊಗೆಯಿಂದಲೇ ಒಂದು ಸಣ್ಣ ಫ್ಯಾನು ತಿರುಗುತ್ತದೆ, ಆ ಫ್ಯಾನು ಗಾಳಿಯನ್ನು ಮತ್ತೆ ಇಂಜಿನ್ನಿನೊಳಕ್ಕೆ ತುರುಕುತ್ತದೆ. ಕಮ್ಮಾರನ ಕುಲುಮೆಗೆ ತಿದಿ ಒತ್ತಿದ ಹಾಗೆ. ಗಾಳಿ ಹೆಚ್ಚಿದಷ್ಟೂ ಉರಿ ಹೆಚ್ಚು, ಉರಿ ಹೆಚ್ಚಿದಷ್ಟೂ ಶಕ್ತಿ ಹೆಚ್ಚು. ಕಂಪನಿಯವರು ಕೊಟ್ಟಾಗ ಅದರ ಶಕ್ತಿ ನೂರ ನಲವತ್ತು ಎಚ್.ಪಿ. ಅಷ್ಟಕ್ಕೆ ಮಂಜನ ಮನಸ್ಸು ತುಂಬಲಿಲ್ಲ. ಬೆಂಗಳೂರಿನ ಯಾವುದೋ ಗ್ಯಾರೇಜಿನಲ್ಲಿ ಬೇರೆ ಫಿಲ್ಟರ್ ಹಾಕಿಸಿದ, ಪೆಟ್ಟಿಗೆಯ ಮೇಲೆ ಹದಿನೈದು ಎಚ್.ಪಿ. ಹೆಚ್ಚುತ್ತದೆ ಅಂತ ಬರೆದಿತ್ತು. ದಪ್ಪ ಸೈಲೆನ್ಸರ್ ಹಾಕಿಸಿದ, ಅದಕ್ಕೆ ಇಪ್ಪತ್ತು. ಕಾರಿನೊಳಗಿನ ಕಂಪ್ಯೂಟರಿನಲ್ಲಿ ಏನೋ ಬದಲಾಯಿಸಿದರು, ಅದಕ್ಕೆ ಐವತ್ತು. ದೊಡ್ಡ ಟರ್ಬೊ ಕೂರಿಸಿದರು, ಅದಕ್ಕೆ ಮೂವತ್ತೈದು. ಎಲ್ಲ ಕೂಡಿಸಿ ಇನ್ನೂರ ಅರವತ್ತು. ಬಾಗಿಲಿಗೆ ಬೆಂಕಿಯ ಚಿತ್ರದ ಸ್ಟಿಕ್ಕರ್ ಬೇರೆ ಇದೆ. ಪುಣ್ಯಕ್ಕೆ ಅದರ ಪೊಟ್ಟಣದ ಮೇಲೆ ಏನೂ ಬರೆದಿರಲಿಲ್ಲ.

ಇದು ಮಂಜನ ಖುಷಿ, ನನಗೇನು ಅಂತ ನಾನು ಸುಮ್ಮನಿದ್ದೆ. ಆದರೆ ಅಷ್ಟರಲ್ಲಿ ನನ್ನ ಬಾಯಿ ಸುಮ್ಮನಿರಲಿಲ್ಲ. ಬೊಮ್ಮನಹಾಳ್ ಕಡೆಯ ತಿಪ್ಪೇಸ್ವಾಮಿಯವರು ನನ್ನ ಅಂಗಡಿಯ ಹಳೆಯ ಗಿರಾಕಿ. ಕಾಲುವೆ ನೀರಿನ ಭತ್ತದ ಗದ್ದೆ, ಜತೆಗೆ ಬಾಡಿಗೆಗೆ ಬಿಡುವ ಭತ್ತ ಕೊಯ್ಯುವ ಹಾರ್ವೆಸ್ಟರ್. ಒಬ್ಬಳೇ ಮಗಳು ಸುಜಾತ, ಡಿಗ್ರಿ ಮುಗಿಸಿದ್ದಾಳೆ. ಹಾರ್ವೆಸ್ಟರ್ ಕೆಟ್ಟು ನಿಂತರೆ ಸ್ಪ್ಯಾನರು ಹಿಡಿದು ಅದರಡಿಗೆ ನುಗ್ಗುವ ಹುಡುಗಿ. ಒಂದು ದಿನ ಅಂಗಡಿಯಲ್ಲಿ ಚಹಾ ಕುಡಿಯುತ್ತ ಅವರು, "ಒಂದು ಚಲೋ ಹುಡುಗನ್ನ ಹೇಳ್ರಿ" ಅಂದರು. ನಾನು ಮಂಜನ ಹೆಸರು ಹೇಳಿದೆ. ರೇಷ್ಮೆಹುಳು ಸಾಕುವ ಮನೆಗೆ ಹೆಣ್ಣು ಕೊಡಲು ಎಲ್ಲರೂ ಹಿಂದೆಮುಂದೆ ನೋಡುವ ಕಾಲ ಇದು. ಹುಳುವಿಗೆ ಹೊತ್ತಲ್ಲದ ಹೊತ್ತಲ್ಲಿ ಸೊಪ್ಪು ಹಾಕಬೇಕು ಅಂತ ಗೊತ್ತಾದ ಕೂಡಲೇ ಹೆಣ್ಣಿನ ಕಡೆಯವರು ಕಾಫಿಯನ್ನೂ ಪೂರ್ತಿ ಕುಡಿಯದೆ ಎದ್ದುಬಿಡುತ್ತಿದ್ದರು. ಇವರು ಏಳಲಿಲ್ಲ. ನೇಮಕಲ್ಲಿನ ಆಂಜನೇಯನ ಗುಡಿಯಲ್ಲಿ ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿದರು, ಒಪ್ಪಿದರು. ನನ್ನ ಹೆಂಡತಿ ಗಿರಿಜೆ ಮದುವೆಯಾದ ಹೊಸದರಲ್ಲಿ ನನ್ನನ್ನು ನೋಡುತ್ತಿದ್ದ ಹಾಗೆ ಮತ್ತೆ ನೋಡತೊಡಗಿದಳು.

ಎಲ್ಲ ಸುಸೂತ್ರವಾಗಿ ಮುಗಿಯುತ್ತಿತ್ತು, ಗುಡಿಯ ಅಂಗಳದಲ್ಲಿ ತಿಪ್ಪೇಸ್ವಾಮಿಯವರು ಆ ಕಾರನ್ನು ನೋಡಿ, "ಎಷ್ಟು ಎಚ್.ಪಿ. ಐತಪ್ಪಾ ಇದು?" ಅಂತ ಕೇಳದೆ ಇದ್ದಿದ್ದರೆ. ಮಂಜ ಎದೆಯುಬ್ಬಿಸಿ, "ಇನ್ನೂರ ಅರವತ್ತು" ಅಂದ. ಅವರು ಕಾರನ್ನು ಒಂದು ಸುತ್ತು ಹಾಕಿ ಬಂದರು. ಎರಡು ದಿನ ಬಿಟ್ಟು ನನ್ನ ಅಂಗಡಿಗೆ ಬಂದು ಕೂತರು.

"ನೋಡ್ರಿ, ನನ್ನ ಹಾರ್ವೆಸ್ಟರ್ ಇಡೀ ಗದ್ದಿ ನುಂಗತೈತಿ. ಅದಕ್ಕ ಅಷ್ಟು ಎಚ್.ಪಿ. ಇಲ್ಲ. ಈ ಮಿಡತಿಯಂಥ ಕಾರಿಗೆ ಎಲ್ಲಿಂದ ಬಂತ್ರಿ ಇನ್ನೂರ ಅರವತ್ತು?"

"ಟರ್ಬೊ ಐತ್ರಿ ಅದಕ್ಕ," ಅಂದೆ.

"ಇರ್ಲಿ ಬಿಡ್ರಿ. ಕಾಲುವಿ ನೀರು ಡ್ಯಾಮಿನಾಗ ಎಷ್ಟು ಬಿಟ್ರು ಅಂತ ಪೇಪರಿನಾಗ ಬರೀತಾರ. ನಮ್ಮ ಗದ್ದಿಗೆ ಎಷ್ಟು ಬಂತು ಅದು ಮುಖ್ಯ. ಇಂಜಿನ್ನಾಗ ಹುಟ್ಟಿದ್ದು ನನಗ ಬ್ಯಾಡ, ಗಾಲಿಗೆ ಮುಟ್ಟಿದ್ದು ಎಷ್ಟು ಹೇಳ್ರಿ. ಕಾರನ್ನ ಇಷ್ಟು ಉಬ್ಬಿಸಿ ಹೇಳಾವ ಹೊಲನ, ತ್ವಾಟನ ಎಷ್ಟು ಉಬ್ಬಿಸ್ಯಾನ ಯಾರಿಗ್ಗೊತ್ತು? ಎಷ್ಟಾರ ಇರ್ಲಿ, ಖರೇ ಇರ್ಬೇಕು. ನೀವು ಎಚ್.ಪಿ. ವ್ಯಾಪಾರದಾಗ ಇರಾವ್ರು. ನೀವ ಅಳದು ಹೇಳ್ರಿ. ಆಮ್ಯಾಲೆ ಮುಂದಿನ ಮಾತು."

ಹೀಗೆ ಒಂದು ಮದುವೆ ನನ್ನ ಅಳತೆಯ ಮೇಲೆ ಬಂದು ನಿಂತಿತು. ನಾನು ಬೋರಿನ ಮೋಟಾರಿನ ಸದ್ದು ಕೇಳಿ ಎಚ್.ಪಿ. ಹೇಳುವವನು ಅಂತ ಊರಲ್ಲಿ ಒಂದು ಮಾತಿದೆ. ಆ ಮಾತನ್ನು ಹಬ್ಬಿಸಿದವನು ನಾನೇ. ಕಾರಿನ ವಿಷಯದಲ್ಲಿ ನನಗೆ ಗೊತ್ತಿದ್ದದ್ದು ಅದರ ಬಾಗಿಲು ಯಾವ ಕಡೆ ತೆರೆಯುತ್ತದೆ ಅನ್ನುವುದಷ್ಟೇ. ಹಾಗಂತ ಒಪ್ಪಿಕೊಳ್ಳುವುದು ಹೇಗೆ? ನಾಲ್ಕು ದಿನ ಫೋನಿನಲ್ಲಿ ವಿಡಿಯೊ ನೋಡಿದೆ. ಅದರಲ್ಲಿ ಒಬ್ಬ ಪುಣ್ಯಾತ್ಮ, ಕಾರಿನ ತೂಕ ಮತ್ತು ಅದು ನಿಂತಲ್ಲಿಂದ ನೂರು ಕಿಲೋಮೀಟರ್ ವೇಗ ಮುಟ್ಟಲು ತೆಗೆದುಕೊಳ್ಳುವ ಸಮಯ ಇವೆರಡು ಗೊತ್ತಿದ್ದರೆ ಎಚ್.ಪಿ. ಲೆಕ್ಕ ಹಾಕಬಹುದು ಅಂತ ಹೇಳಿದ. ಸೂತ್ರವನ್ನು ಬಾಯಿಪಾಠ ಮಾಡಿದೆ. ಹೊರಡುವ ದಿನ ಗಿರಿಜೆ ಚೀಲ ತುಂಬುತ್ತ, "ಅಳೆಯೋರು ನೀವು, ಆದ್ರೆ ಮದ್ವೆ ಆಗ್ಬೇಕಾದೋನು ನನ್ ತಮ್ಮ. ನೋಡ್ಕಂಡು ಹೇಳಿ" ಅಂದಳು. ಅವಳು ದನಿ ತಗ್ಗಿಸಿ ಹೇಳುವ ಮಾತುಗಳನ್ನು ನಾನು ಯಾವತ್ತೂ ಹಗುರವಾಗಿ ತೆಗೆದುಕೊಂಡವನಲ್ಲ.

ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಬರುವುದು ಪದ್ಧತಿ. ಅಂಥ ಹೊತ್ತಿನಲ್ಲಿ ಹುಡುಗಿ ಜತೆಗೆ ಬರುವುದಿಲ್ಲ. ಆದರೆ ತಿಪ್ಪೇಸ್ವಾಮಿಯವರ ಜತೆ ಸುಜಾತಳೂ ಇಳಿದಳು. ನಮ್ಮತ್ತೆ ಕಣ್ಣರಳಿಸಿದ್ದನ್ನು ನೋಡಿ, "ನಾನು ಮನಿ ನೋಡಾಕ ಬಂದಿಲ್ರಿ, ಕಾರು ನೋಡಾಕ ಬಂದೀನಿ" ಅಂದಳು. ಕಾರು ನೋಡಲು ಹುಡುಗಿ ಬರಬಾರದು ಅಂತ ಯಾವ ಪದ್ಧತಿಯೂ ಇಲ್ಲವಾದ್ದರಿಂದ ಎಲ್ಲರೂ ಸುಮ್ಮನಾದರು. ಮಂಜ ಮಾತ್ರ ಬಿಸಿಲು ನೋಡಿ ಪೇಚಾಡುತ್ತಿದ್ದ. "ಭಾವ, ಗಾಳಿ ತಣ್ಣಗಿದ್ರೇ ಟರ್ಬೊ ಚೆನ್ನಾಗಿ ಎಳೆಯಾದು. ಇವ್ರು ಲೇಟಾಗ್ ಬಂದು ಹತ್ತು ಎಚ್.ಪಿ. ಕಳೆದುಬಿಟ್ರು ಕಣ್ ಭಾವ."

ಮಂಜ ಸ್ಟಿಯರಿಂಗಿನಲ್ಲಿ, ತಿಪ್ಪೇಸ್ವಾಮಿಯವರು ಅವನ ಪಕ್ಕದಲ್ಲಿ, ಹಿಂದೆ ನಾನು ಮತ್ತು ಸುಜಾತ. ಹಿಂದಿನ ಸೀಟು ಅಂತ ಅವರು ಕರೆಯುವ ಜಾಗದಲ್ಲಿ ನನ್ನ ಮೊಣಕಾಲುಗಳು ಗಲ್ಲಕ್ಕೆ ತಾಗುತ್ತಿದ್ದವು. ಹುಣಸೆಹಣ್ಣಿನ ಲಾರಿಗಳನ್ನು ತೂಗುವ ವೇಬ್ರಿಡ್ಜಿನ ಮೇಲೆ ನಾಲ್ವರೂ ಕೂತಂತೆಯೇ ಕಾರನ್ನು ತೂಗಿಸಿದೆವು. ಅಲ್ಲಿಂದ ಅಗಳಿ ಕಡೆಯ ನೇರ ರಸ್ತೆ. ಸುಜಾತಳ ಕೈಯಲ್ಲಿ ಸ್ಟಾಪ್‌ವಾಚು, ನನ್ನ ಕೈಯಲ್ಲಿ ಫೋನಿನ ಕ್ಯಾಲ್ಕುಲೇಟರು, ತಿಪ್ಪೇಸ್ವಾಮಿಯವರ ಕಣ್ಣು ಸ್ಪೀಡೋಮೀಟರಿನ ಮೇಲೆ. ಮಂಜ ಒತ್ತಿದ. ಸದ್ದಿನ ಮಟ್ಟಿಗೆ ಹೇಳುವುದಾದರೆ ಐನೂರು ಎಚ್.ಪಿ.ಗೆ ಕಡಿಮೆಯಿಲ್ಲ. ರಸ್ತೆ ಬದಿಯ ಕುರಿಮಂದೆ ಚದುರಿ ಕಡಲೆಕಾಯಿ ಹೊಲಕ್ಕೆ ನುಗ್ಗಿತು. "ನೂರು!" ಅಂತ ತಿಪ್ಪೇಸ್ವಾಮಿಯವರು ಕೂಗಿದಾಗ ಸುಜಾತ ಗುಂಡಿ ಒತ್ತಿ, "ಹನ್ನೊಂದು ಸೆಕೆಂಡು" ಅಂದಳು.

ನಾನು ಸೂತ್ರಕ್ಕೆ ಹಾಕಿದೆ. ಎಪ್ಪತ್ತೈದು ಬಂತು. ಅಳಿಸಿ ಮತ್ತೆ ಹಾಕಿದೆ. ಫೋನು ತನ್ನ ಮಾತಿಗೆ ನಿಂತಿತು. ಕಂಪನಿಯವರು ಕೊಟ್ಟಿದ್ದರಲ್ಲೇ ಅರ್ಧ ಕಾಣೆಯಾಗಿತ್ತು. ಇದನ್ನು ಹೇಳಿದರೆ ಮದುವೆ ಮುರಿಯಿತು, ಗಿರಿಜೆಯ ಆ ಹೊಸ ಮದುವೆಯ ನೋಟವೂ ಹೋಯಿತು. ಫೋನನ್ನು ಎದೆಗೆ ಒತ್ತಿ ಹಿಡಿದು, "ಇನ್ನೊಂದು ಸಲ ಹೊಡಿ ಮಂಜ, ಲೆಕ್ಕ ಸರಿಯಾಗಿ ಕೂಡಿಲ್ಲ" ಅಂದೆ.

ಎರಡನೇ ಓಟದಲ್ಲಿ ಕಾರು ವೇಗ ಹಿಡಿಯುತ್ತಿದ್ದಾಗ ನೇರ ರಸ್ತೆ ಮುಗಿದು ತಿರುವು ಬಂತು, ತಿರುವಿನಾಚೆ ಹುರುಳಿ ಬಂತು. ನಮ್ಮ ಕಡೆ ಹುರುಳಿ ಒಕ್ಕಣೆಗೆ ಕಣ ಮಾಡುವ ತಾಪತ್ರಯ ಯಾರಿಗೂ ಬೇಡ; ಕಿತ್ತ ಗಿಡಗಳನ್ನು ಡಾಂಬರು ರಸ್ತೆಯ ಮೇಲೆ ಹರಡಿದರೆ ಹೋಗಿಬರುವ ಬಸ್ಸು ಲಾರಿಗಳೇ ಒಕ್ಕಿಕೊಡುತ್ತವೆ. ಬಸ್ಸಿನ ಹೊಟ್ಟೆ ಮೇಲಿರುತ್ತದೆ, ಮಂಜನ ಕಾರಿನದು ನೆಲದ ಮೇಲೆ. ಮಂಜ ಬ್ರೇಕು ಒತ್ತುತ್ತ ಬಂದರೂ ಕಾರು ಗಿಡಗಳನ್ನೆಲ್ಲ ಬಾಚಿ ತನ್ನಡಿಗೆ ತುಂಬಿಕೊಂಡು, ನಡುಮಧ್ಯೆ ನಿಂತುಬಿಟ್ಟಿತು. ಒಂದು ಗಳಿಗೆ ಎಲ್ಲ ಶಾಂತ. ಆಮೇಲೆ ಕೆಳಗಿನಿಂದ ಹೊಗೆ.

ಇಪ್ಪತ್ತು ಎಚ್.ಪಿ. ಕೊಡಬೇಕಿದ್ದ ದಪ್ಪ ಸೈಲೆನ್ಸರ್ ಚೆನ್ನಾಗಿ ಕಾದು, ಒಣಗಿದ ಗಿಡಕ್ಕೆ ಕಿಡಿ ಕೊಟ್ಟಿತ್ತು. "ಇಳೀರಿ, ಇಳೀರಿ!" ಅಂತ ಮಂಜ ಕೂಗಿದ. ಎರಡು ಬಾಗಿಲಿನ ಕಾರಿನಲ್ಲಿ ಹಿಂದೆ ಕೂತವನು ಇಳಿಯಬೇಕಾದರೆ ಮುಂದೆ ಕೂತವರು ಮೊದಲು ಇಳಿಯಬೇಕು. ತಿಪ್ಪೇಸ್ವಾಮಿಯವರ ಪಂಚೆ ಸೀಟಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಅವರು ಪಂಚೆ ಎಳೆಯುತ್ತಾರೆ, ನಾನು ಅವರನ್ನು ನೂಕುತ್ತೇನೆ. ಕಡೆಗೆ ಪಂಚೆಯ ಒಂದು ತುಂಡನ್ನು ಕಾರಿಗೇ ಬಿಟ್ಟು ಅವರು ಇಳಿದರು, ಅವರ ಹಿಂದೆಯೇ ನಾನು ಉರುಳಿದೆ. ಸುಜಾತ ಇನ್ನೊಂದು ಬಾಗಿಲಿನಿಂದ ಆಗಲೇ ಇಳಿದು, ಮಂಜನ ಜತೆ ಬಗ್ಗಿ ಗಿಡ ಎಳೆಯುತ್ತಿದ್ದಳು. ಹುರುಳಿಯ ಒಡತಿ, ಒಬ್ಬ ಅಜ್ಜಿ, ಬೇಲಿಯ ನೆರಳಿನಿಂದ ಬಿಂದಿಗೆ ಹೊತ್ತು ಬಂದು ಹೊಗೆಯ ಮೇಲೆ ಸುರಿದಳು. ಚುಂಯ್ ಅಂದಿತು, ಅಷ್ಟೆ. ಮಂಜ ಆಮೇಲೂ ಕಾರಿನ ಕಡೆ ತಿರುಗಿ ನೋಡಲಿಲ್ಲ. ಟವೆಲು ಹಾಸಿ, ರಸ್ತೆಯ ಮೇಲೆ ಚೆಲ್ಲಾಡಿದ ಹುರುಳಿಯನ್ನು ಅಂಗೈಯಿಂದ ಬಳಿದು ಬಳಿದು ತುಂಬತೊಡಗಿದ. ಅಜ್ಜಿ ಅವನನ್ನೂ ಕಾರನ್ನೂ ಒಮ್ಮೆ ನೋಡಿ, "ಆ ಮಗ್ಗಲಿಂದು ಇನ್ನೂ ಉದುರಿಲ್ಲ ಕಣಪ್ಪ. ಇನ್ನೊಂದ್ ಸರ್ತಿ ಹೋಗ್ ಬಾ" ಅಂದಳು.

ತಿಪ್ಪೇಸ್ವಾಮಿಯವರು ಹರಿದ ಪಂಚೆ ಸರಿಮಾಡಿಕೊಂಡು, ಮರೆಯದೆ, ನನ್ನ ಕಡೆ ತಿರುಗಿದರು. "ಹೇಳ್ರಿ ಸಾಹುಕಾರ್ರ, ಎಷ್ಟು ಬಂತು?"

ನನ್ನ ಕಣ್ಣ ಮುಂದೆ ಗಿರಿಜೆಯ ಮುಖ ಬಂತು. "ನಾಕು ಮಂದಿ ಕುಂತಿದ್ವಿ, ಬಿಸಿಲು ಬ್ಯಾರೆ," ಅಂತ ಪೀಠಿಕೆ ಹಾಕಿ, "ಆದ್ರೂ ಇನ್ನೂರ ನಲವತ್ತಕ್ಕ ಮೋಸಿಲ್ರಿ" ಅಂದೆ. ಪೂರ್ತಿ ಇನ್ನೂರ ಅರವತ್ತು ಅನ್ನಲಿಲ್ಲ. ಸುಳ್ಳಿಗೂ ಒಂದು ನಾಚಿಕೆ ಇರಬೇಕು ನೋಡಿ.

ಟವೆಲು ಕಟ್ಟುತ್ತಿದ್ದ ಮಂಜ ಎದ್ದು ನಿಂತ. "ಭಾವ, ನನಗೋಸ್ಕರ ಸುಳ್ ಹೇಳ್ಬ್ಯಾಡ" ಅಂದ. ಆಮೇಲೆ ತಿಪ್ಪೇಸ್ವಾಮಿಯವರ ಕಡೆ ತಿರುಗಿ, "ಆ ಇನ್ನೂರ ಅರವತ್ತು ನಾನ್ ಅಳೆದಿದ್ದಲ್ಲ ಸಾರ್. ಪೆಟ್ಟಿಗೆಗಳ ಮೇಲೆ ಬರ್ದಿದ್ನ ಕೂಡಿ ಹೇಳ್ದೆ. ಕಾರು ಎಳೆದಿದ್ದು ನೀವೇ ನೋಡಿದ್ರಲ್ಲ, ಕಂಪನಿಯೋರು ಕೊಟ್ಟಿದ್ದಾದ್ರೂ ಉಳ್ಕಂಡಿದ್ರೆ ಹೆಚ್ಚು. ನಾಳೆ ಬೇರೆ ಯಾರೋ ಹೇಳಿ ನಿಮಗ್ ಗೊತ್ತಾಗೋಕಿಂತ ಇವತ್ತು ನಾನೇ ಹೇಳೋದ್ ವಾಸಿ" ಅಂದ. ಹೇಳುತ್ತ ಹೇಳುತ್ತ ಕೈಯಲ್ಲಿದ್ದ ಟವೆಲಿಗೆ ಗಂಟಿನ ಮೇಲೆ ಗಂಟು ಬಿಗಿದ. ಈ ಹುಡುಗಿಯನ್ನು ಅವನು ಎಷ್ಟು ಬಯಸಿದ್ದ ಅನ್ನುವುದು ನನಗೆ ಆಗ ಅರ್ಥವಾಯಿತು.

"ಅಪ್ಪಾ," ಅಂದಳು ಸುಜಾತ, ಚೂಡಿದಾರದ ವೇಲಿನ ತುದಿಯಿಂದ ಕೈಯ ಮಸಿ ಒರೆಸುತ್ತ, "ಅಂಕಲ್ ಫೋನಿನಾಗ ಎಪ್ಪತ್ತೈದು ಬಂದಿತ್ತು. ನಾ ಬಾಜೂಕ ಕುಂತು ನೋಡೀನಿ. ಎರಡು ಸಲ ಬಂತು."

ನಾನು ಅಜ್ಜಿಯ ಹುರುಳಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ತಿಪ್ಪೇಸ್ವಾಮಿಯವರು ಮಂಜನ ಬೆನ್ನು ತಟ್ಟಿ, "ಹುಡುಗ ಪಾಸ್ರಿ" ಅಂದರು. ನನ್ನ ಫಲಿತಾಂಶವನ್ನು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಆಮೇಲೆ ಆ ವಿಡಿಯೊವನ್ನು ಪೂರ್ತಿ ನೋಡಿದೆ. ನನಗೆ ಸಿಕ್ಕಿದ್ದು ಆ ಹನ್ನೊಂದು ಸೆಕೆಂಡಿನ ಸರಾಸರಿ ಶಕ್ತಿಯಂತೆ. ಗೇರು ಬದಲಿಸುವಾಗ ಹೋದದ್ದು, ಗಾಳಿ ತಡೆದದ್ದು ಎಲ್ಲ ಸೇರಿಸಿದರೆ ಕಾರಿನ ನಿಜವಾದ ಶಕ್ತಿ ಸುಮಾರು ನೂರ ಮೂವತ್ತು ಇರಬೇಕಂತೆ. ಅಂದರೆ ನಾನು ಮುಚ್ಚಿಟ್ಟ ನಿಜವೂ ತಪ್ಪು, ಬಿಚ್ಚಿ ಹೇಳಿದ ಸುಳ್ಳೂ ತಪ್ಪು. ಇದನ್ನು ತಿಪ್ಪೇಸ್ವಾಮಿಯವರಿಗೆ ವಿವರಿಸೋಣ ಅಂತ ಫೋನ್ ಮಾಡಿದೆ. ಅವರು ಬಹಳ ಮರ್ಯಾದೆಯಿಂದ, "ಇರ್ಲಿ ಬಿಡ್ರಿ, ಎಷ್ಟು ಬೇಕೋ ಅಷ್ಟು ಇಟ್ಕೊಳ್ರಿ" ಅಂದರು.

ನಿಶ್ಚಿತಾರ್ಥ ಬೊಮ್ಮನಹಾಳಿನಲ್ಲಿ, ಅವರ ಮನೆಯಲ್ಲೇ ನಡೆಯಿತು. ಸುಜಾತ ನಗುತ್ತಿದ್ದಳು, ಮಂಜ ನೆಲ ನೋಡುತ್ತಿದ್ದ, ನಮ್ಮತ್ತೆ ಎಲ್ಲರಿಗೂ ಎರಡೆರಡು ಸಲ ಕುಂಕುಮ ಕೊಡುತ್ತಿದ್ದರು. ಊಟಕ್ಕೆ ಹೋಳಿಗೆ. ನಾನು ಹೋಳಿಗೆಯ ವಿಷಯದಲ್ಲಿ ದುರ್ಬಲ ಮನುಷ್ಯ. ಅವತ್ತು ಮಾತ್ರ ಬೀಗರ ಮನೆ, ಹೋದ ಮಾನ ಸ್ವಲ್ಪವಾದರೂ ವಾಪಸು ಬರಲಿ ಅಂತ ಹಿಡಿತದಲ್ಲಿ ತಿನ್ನುತ್ತಿದ್ದೆ. ತುಪ್ಪದ ಗಿಂಡಿ ಹಿಡಿದ ತಿಪ್ಪೇಸ್ವಾಮಿಯವರೂ, ಹೋಳಿಗೆಯ ಬುಟ್ಟಿ ಹಿಡಿದ ಅವರ ತಮ್ಮನೂ ನನ್ನ ಎಲೆಯ ಮುಂದೆ ಬಂದು ನಿಂತರು.

"ಎಷ್ಟು ಆದುವ್ರಿ ಹೋಳಿಗಿ?" ಅಂತ ತಮ್ಮ ಕೇಳಿದರು.

"ಎರಡ್ರಿ," ಅಂದೆ.

ತಿಪ್ಪೇಸ್ವಾಮಿಯವರು ತಮ್ಮನ ಕಿವಿಯ ಹತ್ತಿರ ಬಾಗಿದರು. ಗುಟ್ಟು ಹೇಳಲು ಬಾಗಿದ್ದೇನೋ ನಿಜ, ಆದರೆ ದನಿ ಹಾರ್ವೆಸ್ಟರ್ ಪಕ್ಕದಲ್ಲಿ ಮಾತಾಡಿ ರೂಢಿಯಾದದ್ದು. "ಅವ್ರು ಎರಡು ಅಂದ್ರ ಆರು ಅಂತ ತಿಳ್ಕ. ಈ ವಯಸ್ಸಿನಾಗ ಭಾಳ ಆತು. ಮುಂದಿನ ಎಲಿಗೆ ಹೋಗು."

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಪಕ್ಕದಲ್ಲಿ ಕೂತಿದ್ದ ಗಿರಿಜೆಯ ಕಡೆ ಸಾಕ್ಷಿಗೆಂದು ನೋಡಿದೆ. ಅವಳು ನನ್ನ ಎಲೆಯನ್ನು ನೋಡಿದಳು, ನನ್ನ ಹೊಟ್ಟೆಯನ್ನು ನೋಡಿದಳು, ಆಮೇಲೆ ತನ್ನ ಪಾಯಸದ ಕಡೆ ತಿರುಗಿದಳು. ಬುಟ್ಟಿ ಮುಂದೆ ಹೋಯಿತು. ನೀವಾದರೂ ನಂಬಿ, ನಾನು ತಿಂದಿದ್ದು ಎರಡೇ.