ಕೆಂಪು ಗಾಡಿಯ ಚೌಕಾಸಿ

ಗಾಡಿಯ ಬೆಲೆಯನ್ನು ಷಡಕ್ಷರಿ ಹಾಲಿನ ಡೈರಿಯಲ್ಲಿ ಬಾಯಿಬಿಟ್ಟು ಹೇಳಬಾರದಿತ್ತು. ಖುಷಿ ತಡೆಯಲಾರದೆ ಹೇಳಿಬಿಟ್ಟ.

ಅವನು ಲೊಕ್ಕನಹಳ್ಳಿಯ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವನು. ಆ ಶುಕ್ರವಾರ ಬೆಳಿಗ್ಗೆ ಸಾಲಿನಲ್ಲಿ ನಿಂತವರ ಹಾಲಿಗೆಲ್ಲ ಕೊಳವೆ ಇಳಿಬಿಡುತ್ತ, "ಇವತ್ತು ಮಧ್ಯಾಹ್ನದೊಳಗೆ ಕೊಳ್ಳೇಗಾಲದಿಂದ ಹೊಸ ಗಾಡಿ ತತ್ತೀನಿ. ಒಂದು ಲಕ್ಷದ ಇಪ್ಪತ್ತೊಂದು ಸಾವ್ರದ ನಾನೂರು," ಅಂದ.

ಸಾಲಿನಲ್ಲಿ ಮೂರನೆಯವರಾಗಿ ನಿಂತಿದ್ದ ಗುರುಮಲ್ಲಪ್ಪನವರ ಕೈಯಿಂದ ಹಾಲಿನ ಕ್ಯಾನು ಜಾರಿ ಟಣ್ ಎಂದಿತು.

"ಯಾವನ್ಲಾ ಹೇಳ್ದೋನು ಆ ರೇಟ?"

"ಶೋರೂಮ್‌ನೋರು ಅಣ್ಣ."

"ಅವರೇಳಿದ್ರು, ನೀ ಕೇಳ್ಕಂಡು ಬಂದೆ! ತಲೆ ಆಡುಸ್ಕಂಡು ಬಂದ್ಯಾ, ಕೈ ಮುಗ್ದು ಬಂದ್ಯಾ?"

ಗುರುಮಲ್ಲಪ್ಪನವರಿಗೆ ಅರವತ್ತನಾಲ್ಕು ವರ್ಷ. ಅರಿಶಿನ ಬೆಳೆಯುವ ಸ್ಥಿತಿವಂತರು. ಕೇಳಿದ ಬೆಲೆ ಕೊಟ್ಟು ಒಂದು ಬೆಂಕಿಪೊಟ್ಟಣವನ್ನೂ ಕೊಂಡವರಲ್ಲ. ಒಮ್ಮೆ ಅರ್ಧ ತಲೆ ಬೋಳಾದ ಮೇಲೆ ಕ್ಷೌರದ ದರಕ್ಕೆ ಚೌಕಾಸಿ ಮಾಡಿ, ಗೆದ್ದು, ಉಳಿದರ್ಧ ತಲೆಯನ್ನು ಹೊಸ ದರದಲ್ಲಿ ಮಾಡಿಸಿಕೊಂಡಿದ್ದರು. ಊರಿನಲ್ಲಿ ಯಾರು ಎತ್ತು ಕೊಳ್ಳಲಿ, ಪಂಪ್‌ಸೆಟ್ ಕೊಳ್ಳಲಿ, ಮುಂದೆ ನಿಂತು ಮಾತಾಡುವವರು ಅವರೇ.

"ನಾ ಬತ್ತೀನಿ ನಡಿ," ಅಂದರು. ಪಕ್ಕದಲ್ಲಿದ್ದ ಪುಟ್ಟಮಾದಯ್ಯನವರು, ಬಸ್ ಕಂಡಕ್ಟರಾಗಿ ರಿಟೈರ್ ಆದವರು, "ಲೆಕ್ಕಕ್ಕೆ ನಾನಿರ್ತೀನಿ," ಎಂದು ಯಾರೂ ಕರೆಯದೆಯೇ ಚಪ್ಪಲಿ ಮೆಟ್ಟಿದರು.

ಷಡಕ್ಷರಿಗೆ ಒಬ್ಬನೇ ಹೋಗುವ ಆಸೆಯಿತ್ತು. ನಲವತ್ತೊಂದು ವರ್ಷದ ಜೀವನದಲ್ಲಿ ಅವನು ಹೊಸ ವಸ್ತು ಎಂದು ಮುಟ್ಟಿದ್ದು ಕಡಿಮೆ. ಚಿಕ್ಕಂದಿನಲ್ಲಿ ಅಣ್ಣನ ಅಂಗಿ, ಆಮೇಲೆ ಚಿಕ್ಕಪ್ಪನ ಸೈಕಲ್ಲು, ಮದುವೆಯಾದ ಮೇಲೆ ಮಾವನ ಮೊಪೆಡ್ಡು. ಮಾವ ತೀರಿಕೊಂಡ ಮೇಲೆ ಆ ಮೊಪೆಡ್ಡು ಅವನ ಹೆಸರಿಗೇ ಆಯಿತು. ಅದು ಏರು ಕಂಡರೆ ಹಠ ಹಿಡಿದ ಎಮ್ಮೆಯಂತೆ ನಿಂತುಬಿಡುತ್ತಿತ್ತು. ಹೆಂಡತಿ ದೀಪಶ್ರೀ ಇಳಿದು, ಸೆರಗು ಸಿಕ್ಕಿಸಿ, ಹಿಂದಿನಿಂದ ತಳ್ಳುತ್ತಿದ್ದಳು. ತಿಂಗಳಿಗೊಮ್ಮೆ ಕೊಳ್ಳೇಗಾಲಕ್ಕೆ ಹೋದಾಗಲೆಲ್ಲ ಷಡಕ್ಷರಿ ಆ ಶೋರೂಮಿನ ಗಾಜಿನ ಮುಂದೆ ನಿಲ್ಲುತ್ತಿದ್ದ. ಒಳಗೆ ದೀಪದ ಕೆಳಗೆ ಒಂದು ಕೆಂಪು ಗಾಡಿ. ಅದರ ಟ್ಯಾಂಕು ಎಷ್ಟು ನುಣುಪೆಂದರೆ, ಗಾಜಿನ ಆಚೆಯಿಂದಲೂ ಅವನ ಅಂಗೈ ತಣ್ಣಗಾಗುತ್ತಿತ್ತು. ಆರು ವರ್ಷದಲ್ಲಿ ಮಾಡಲ್ಲು ಮೂರು ಬಾರಿ ಬದಲಾಯಿತು, ಅವನ ಕೆಂಪು ಮಾತ್ರ ಬದಲಾಗಲಿಲ್ಲ. ಒಳಗೆ ಹೋಗಿ ಕೈ ಇಡುವ ಆ ಮೊದಲ ಗಳಿಗೆಯಲ್ಲಿ ಪಕ್ಕದಲ್ಲಿ ಯಾರೂ ಇರಬಾರದು ಎಂದುಕೊಂಡಿದ್ದ.

ಇಬ್ಬರು ಇದ್ದರು. ಬಸ್ಸಿನ ಟಿಕೆಟ್ಟನ್ನೂ ಅವನೇ ತೆಗೆದ.

ಶೋರೂಮಿನಲ್ಲಿ ಮಾಲಿನಿ ಎಂಬ ಹುಡುಗಿ ನಗುತ್ತ ಎದ್ದು ಬಂದಳು. ಷಡಕ್ಷರಿಯ ಮುಖ ಅವಳಿಗೆ ಪರಿಚಯವೇ. ಗಾಜಿನ ಆಚೆ ಎಷ್ಟೋ ಸಲ ಕಂಡಿದ್ದಳು. "ಬನ್ನಿ ಸಾರ್, ಕೊನೆಗೂ ಒಳಗೆ ಬಂದ್ರಲ್ಲ," ಅಂದಳು. ಷಡಕ್ಷರಿ ಕೆಂಪು ಟ್ಯಾಂಕಿನ ಮೇಲೆ ಕೈ ಇಡಲು ಹೋದ. ಗುರುಮಲ್ಲಪ್ಪನವರು ಆ ಕೈಗೆ ಪಟ್ಟನೆ ಹೊಡೆದರು.

"ಆಸೆ ತೋರುಸ್ಬೇಡ ಕಣ್ಲಾ. ರೇಟು ಏರ್ಬುಡ್ತದೆ," ಎಂದು ಕಿವಿಯಲ್ಲಿ ಅಂದು, ತಾವೇ ಮುಂದಾಗಿ ಸೀಟನ್ನು ಎತ್ತಿನ ಬೆನ್ನಿನ ಹಿಣಿಲು ಒತ್ತಿದಂತೆ ಒತ್ತಿದರು. ಚಕ್ರಕ್ಕೆ ಒದ್ದರು. ಬಾಯಿ ತೆರೆಸಿ ಹಲ್ಲು ನೋಡುವಂತಿಲ್ಲವಲ್ಲ ಎಂಬ ಕೊರಗಿನಿಂದ ಹೆಡ್‌ಲೈಟಿನೊಳಗೆ ಇಣುಕಿದರು.

"ಕೆಂಪು ಬಣ್ಣ ಬೇಗ ಮಾಸ್ತದೆ ಅಲ್ವಾ ಕಣವ್ವ?"

"ಇಲ್ಲ ಸಾರ್."

"ಮಾಸ್ತದೆ ಬುಡು. ಕೊನೆ ರೇಟು ಯೋಳು."

ಮಾಲಿನಿ ಹಾಳೆ ಮುಂದಿಟ್ಟಳು. ಪುಟ್ಟಮಾದಯ್ಯನವರು ಹಳೆಯ ಚಾಳಿಯಂತೆ ಕಿವಿಯ ಸಂದಿಯಿಂದ ಪೆನ್ನು ತೆಗೆದು ಒಂದೊಂದೇ ಸಾಲಿಗೆ ಗೀಟು ಹಾಕುತ್ತ ಹೋದರು. ಕ್ರ್ಯಾಶ್ ಗಾರ್ಡು? "ನಾವು ಬೀಳಲ್ಲ." ಸೀಟ್ ಕವರ್ರು? "ಮನೇಲಿ ದುಪ್ಪಟಿ ಅದೆ." ಮ್ಯಾಟು? "ಇದು ಕಾರಾ?" ಹೀಗೆ ಎರಡು ಸಾವಿರದ ಆರುನೂರು ಇಳಿಯಿತು. ಅಲ್ಲಿಗೇ ನಿಂತಿದ್ದರೆ ಹನ್ನೊಂದೂವರೆಗೆ ಷಡಕ್ಷರಿ ಗಾಡಿಯ ಮೇಲಿರುತ್ತಿದ್ದ. ಅವನು ಪರ್ಸು ತೆಗೆದೇಬಿಟ್ಟ.

"ಒಳಗಿಡ್ಲಾ!" ಗುರುಮಲ್ಲಪ್ಪನವರು ಎದ್ದು ನಿಂತರು. "ಬ್ಯಾಡ ಕಣವ್ವ, ನಾವು ಒಯ್ತೀವಿ." ಬಾಗಿಲಾಚೆ ಬಂದು ಪಿಸುಗುಟ್ಟಿದರು: "ತಿರುಗಿ ನೋಡ್ಬೇಡ. ಹತ್ತು ಹೆಜ್ಜೆ ಎಣಿಸು. ಕರೀತಾಳೆ."

ಷಡಕ್ಷರಿ ಹತ್ತು ಎಣಿಸಿದ. ಇಪ್ಪತ್ತು ಎಣಿಸಿದ. ನಲವತ್ತಕ್ಕೆ ರಸ್ತೆ ದಾಟಿ ಟೀ ಅಂಗಡಿ ಸೇರಿದರು. ಯಾರೂ ಕರೆಯಲಿಲ್ಲ.

ಮುಕ್ಕಾಲು ಗಂಟೆ ಅಲ್ಲೇ ಕೂತರು. ಗಾಜಿನಾಚೆ ಒಬ್ಬ ತರುಣ ತಾಯಿಯ ಜತೆ ಬಂದು ಕೆಂಪು ಗಾಡಿಯ ಸುತ್ತ ತಿರುಗತೊಡಗಿದ. ಕೂತ. ಕನ್ನಡಿ ಸರಿಮಾಡಿಕೊಂಡು ಕ್ರಾಪು ತಿದ್ದಿದ. ಷಡಕ್ಷರಿಯ ಗಂಟಲಲ್ಲಿ ವಡೆ ಸಿಕ್ಕಿಕೊಂಡಿತು. ಸದ್ಯ, ಕಿವಿ ಹಿಡಿಯುವುದೊಂದು ಬಾಕಿ ಎಂಬಂತೆ ತಾಯಿ ಅವನನ್ನು ಸ್ಕೂಟರಿನ ಕಡೆ ಎಳೆದುಕೊಂಡು ನಡೆದಳು. ಆ ತಾಯಿಗೆ ಷಡಕ್ಷರಿ ಕೂತಲ್ಲಿಂದಲೇ ಕೈಮುಗಿದ.

"ಅವ್ಳು ಕರೀಲಿಲ್ಲ ಅಂದ್ರೆ ನಾವೂ ಬಗ್ಗದು ಬ್ಯಾಡ," ಅಂದರು ಪುಟ್ಟಮಾದಯ್ಯನವರು. "ಯಳಂದೂರಲ್ಲೂ ಇದೇ ಗಾಡಿ ಮಾರ್ತಾರೆ. ಅಲ್ಲಿ ರೇಟ್ ಬರಿಸ್ಕಂಡು ಬಂದು ಇವಳ ಮುಂದೆ ಇಡ್ಮಾ."

ಮತ್ತೆ ಬಸ್ಸು. ಮತ್ತೆ ಮೂರು ಟಿಕೆಟ್ಟು. ಯಳಂದೂರಿನ ಅಂಗಡಿಯವನು ಮೊದಲ ಮಾತಿಗೇ ಎಂಟುನೂರು ಇಳಿಸಿ ಹಾಳೆಯ ಮೇಲೆ ಬರೆದುಕೊಟ್ಟ. ಆದರೆ ಅವನಲ್ಲಿ ಇದ್ದದ್ದು ಕಪ್ಪು ಗಾಡಿ ಮಾತ್ರ.

"ಇದ್ನೇ ತಕೊ. ಬಣ್ಣ ಯಾವ್ದಾದ್ರೇನ್ಲಾ, ಓಡದು ಚಕ್ರ," ಅಂದರು ಗುರುಮಲ್ಲಪ್ಪನವರು.

"ಕೆಂಪೇ ಬೇಕು," ಅಂದ ಷಡಕ್ಷರಿ. ಇಡೀ ದಿನದಲ್ಲಿ ಅವನು ಗಟ್ಟಿಯಾಗಿ ಆಡಿದ ಮಾತು ಅದೊಂದೇ. ಇಬ್ಬರು ಹಿರಿಯರೂ ಬಸ್ ಸ್ಟ್ಯಾಂಡಿನ ಕಡೆ ತಿರುಗಿದರು.

ಮೂರೂವರೆಗೆ ಮತ್ತೆ ಕೊಳ್ಳೇಗಾಲ. ಮಾಲಿನಿ ಯಳಂದೂರಿನ ಹಾಳೆ ನೋಡಿ, "ಎಂಟುನೂರಕ್ಕೆ ಮೂರು ಜನ ಯಳಂದೂರಿಗೆ ಹೋಗಿ ಬಂದ್ರಾ ಸಾರ್?" ಎಂದು ಕನಿಕರದಿಂದ ಕೇಳಿ, ಎಂಟುನೂರು ಬಿಟ್ಟಳು. ಒಂದು ಲಕ್ಷದ ಹದಿನೆಂಟು ಸಾವಿರಕ್ಕೆ ಬಂದು ನಿಂತಿತು. ಷಡಕ್ಷರಿಗೆ ಸಾಕೆನ್ನಿಸಿತು. ಗುರುಮಲ್ಲಪ್ಪನವರಿಗೆ ಆಗಷ್ಟೇ ಹಸಿವು ಕೆರಳಿತು.

"ಇನ್ನೂ ಏನೋ ಬಚ್ಚಿಟ್ಟಿದ್ದೀಯ ಕಣವ್ವ. ನಿನ್ನ ಮುಖದಲ್ಲೇ ಕಾಣ್ತದೆ."

ಮಾಲಿನಿ ಸೋತು ನಕ್ಕಳು. "ಒಂದು ಆಫರ್ ಇದೆ ಸಾರ್, ಇವತ್ತೇ ಕೊನೆ ದಿನ. ಹೆಸರಲ್ಲಿ ಈವರೆಗೆ ಯಾವ ಗಾಡೀನೂ ಇಲ್ಲದವರಿಗೆ ಒಂಬತ್ತು ಸಾವಿರ ಕಡಿಮೆ. ಆದ್ರೆ ಇವರ ಹೆಸರಲ್ಲಿ ಮೊಪೆಡ್ ಇದೆ."

ಹನ್ನೆರಡು ವರ್ಷ ಏರಿನಲ್ಲಿ ಕೈಕೊಟ್ಟ ಮಾವನ ಮೊಪೆಡ್ಡು ಈಗ ಸಮತಟ್ಟು ನೆಲದಲ್ಲೂ ಕೈಕೊಟ್ಟಿತ್ತು.

ಗುರುಮಲ್ಲಪ್ಪನವರು ಒಂದು ಕ್ಷಣ ಕಣ್ಣು ಮುಚ್ಚಿದರು. "ನನ್ನ ಹೆಸರಲ್ಲಿ ಯಾವ ಗಾಡೀನೂ ಇಲ್ಲ. ಎತ್ತಿನ ಗಾಡಿ ಲೆಕ್ಕಕ್ಕುಂಟಾ?"

"ಇಲ್ಲ ಸಾರ್."

"ಅಂಗಾದ್ರೆ ಬಿಲ್ಲು ನನ್ನ ಹೆಸರ್ಗೆ ಬರಿ."

"ಅಣ್ಣ..." ಅಂದ ಷಡಕ್ಷರಿ.

"ಪೇಪರ್ ಮೇಲೆ ಅಷ್ಟೇ ಕಣ್ಲಾ! ಓಡ್ಸೋನು ನೀನು. ಒಂದು ವರ್ಷ ಬುಟ್ಟು ನಿನ್ನ ಹೆಸರ್ಗೆ ಮಾಡ್ಕೊಡ್ತೀನಿ. ಒಂಬತ್ತು ಸಾವ್ರ ಬೀದೀಲಿ ಬಿದ್ದದಾ?"

ಪುಟ್ಟಮಾದಯ್ಯನವರು ಆಗಲೇ ಕಳೆದು ಮುಗಿಸಿದ್ದರು: "ಒಂದು ಲಕ್ಷದ ಒಂಬತ್ತು ಸಾವ್ರ. ಬೆಳಿಗ್ಗೆಯಿಂದ ಹನ್ನೆರಡು ಸಾವ್ರದ ನಾನೂರು ಉಳೀತು."

ಆಫರಿನ ಗಾಡಿಗೆ ದುಡ್ಡು ಹೆಸರಿದ್ದವರ ಖಾತೆಯಿಂದಲೇ ಬರಬೇಕೆಂದಳು ಮಾಲಿನಿ. ಗುರುಮಲ್ಲಪ್ಪನವರು ಬನಿಯನ್ನಿನ ಒಳಜೇಬಿನಿಂದ, ಪ್ಲಾಸ್ಟಿಕ್ ಕವರಿನ ಒಳಗಿನ ಇನ್ನೊಂದು ಕವರಿನಿಂದ ಬ್ಯಾಂಕಿನ ಕಾರ್ಡು ತೆಗೆದರು. ಗುಟ್ಟಿನ ನಂಬರನ್ನು ಶೋರೂಮಿನ ಕೊನೆಯವರೆಗೂ ಕೇಳುವಂತೆ ಪುಟ್ಟಮಾದಯ್ಯನವರಿಗೆ ಹೇಳಿ ಒತ್ತಿಸಿದರು. ಊರಿಗೆ ಹೋದಮೇಲೆ ಷಡಕ್ಷರಿ ದುಡ್ಡು ಕೊಡುವುದೆಂದು ಮಾತಾಯಿತು.

ಗಾಡಿ ಹೊರಗೆ ಬಂತು. ಬಿಸಿಲಿನಲ್ಲಿ ಅದು ಆಗತಾನೆ ಕೊಯ್ದ ಮೆಣಸಿನಕಾಯಿಯಂತೆ ಹೊಳೆಯಿತು. ಷಡಕ್ಷರಿ ಅಂಗಿಯ ತುದಿಗೆ ಕೈ ಒರೆಸಿಕೊಂಡು ಮುಂದೆ ಬಂದ.

"ಒಂದು ನಿಮಿಷ ಸಾರ್," ಮಾಲಿನಿ ತಡೆದಳು. "ಫೋಟೋ ಇದೆ. ಓನರ್ ಕೂತ್ಕೋಬೇಕು."

ಓನರ್ ಪಂಚೆ ಎತ್ತಿಕಟ್ಟಿ ಕೂತರು. ಕೊರಳಿಗೆ ಹಾರ, ಕೈಗೆ ತೊಟ್ಟಿಲಿನಷ್ಟು ದೊಡ್ಡದಾದ ರಟ್ಟಿನ ಕೀ. ಫೋಟೋ ತೆಗೆದದ್ದಾಯಿತು, ಹಾರವನ್ನೂ ತೆಗೆದದ್ದಾಯಿತು. ಗುರುಮಲ್ಲಪ್ಪನವರು ಮಾತ್ರ ಇಳಿಯಲಿಲ್ಲ. ಎರಡೂ ಕೈ ಹ್ಯಾಂಡಲಿನ ಮೇಲಿಟ್ಟು ಎದುರಿನ ರಸ್ತೆಯನ್ನೇ ನೋಡುತ್ತಿದ್ದರು. ಕೇಳಿದ ದರಕ್ಕೆಲ್ಲ ಸಿಂಡರಿಸಿಯೇ ಗಟ್ಟಿಯಾಗಿದ್ದ ಆ ಮುಖ ಹಾಲಿನ ಕೆನೆಯಂತೆ ಮೆತ್ತಗಾಗಿತ್ತು.

"ಇಪ್ಪತ್ಮೂರು ವರ್ಷದೋನು ನಾನಾಗ," ಅಂದರು, ಯಾರಿಗೋ ಹೇಳುವಂತೆ. "ಇದೇ ಕೊಳ್ಳೇಗಾಲಕ್ಕೆ ಅಪ್ಪಯ್ಯನ ಜತೆ ಗಾಡಿ ನೋಡಕ್ಕೆ ಬಂದಿದ್ದೆ. ಅಪ್ಪಯ್ಯ ಆ ದುಡ್ಡಿಗೆ ಜೋಡಿ ಎತ್ತು ತಕಂಡ. ಎತ್ತು ಹೊಡ್ಕಂಡು ಊರ್ಗೆ ನಡೆದೆ, ಅಳ್ತಾ. ಆಮೇಲೆ ತಂಗಿ ಮದ್ವೆ, ಮಕ್ಕಳ ಓದು. ಊರಲ್ಲಿ ಹನ್ನೊಂದು ಗಾಡಿಗೆ ನಾನೇ ಚೌಕಾಸಿ ಮಾಡ್ಕೊಟ್ಟಿವ್ನಿ ಕಣ್ಲಾ. ಒಂದರ ಮೇಲೂ ಕೂತಿರ್ನಿಲ್ಲ."

ಗುರುಮಲ್ಲಪ್ಪನವರು ಷಡಕ್ಷರಿಯ ಕೈ ಹಿಡಿದುಕೊಂಡರು.

"ಷಡಕ್ಷರಿ, ನೀ ನಂಗೆ ದುಡ್ಡು ಕೊಡ್ಬ್ಯಾಡ."

ಷಡಕ್ಷರಿಯ ಕಣ್ಣು ತುಂಬಿಬಂತು. ಬೆಂಕಿಪೊಟ್ಟಣಕ್ಕೂ ಚೌಕಾಸಿ ಮಾಡುವ ಮನುಷ್ಯನ ಎದೆಯಲ್ಲಿ ಇಷ್ಟು ದೊಡ್ಡ ದಾನ ಅಡಗಿತ್ತೇ! "ಅಣ್ಣ, ಅಂಗೆಲ್ಲ ಬ್ಯಾಡ, ಒಂದು ಲಕ್ಷದ ಒಂಬತ್ತು ಸಾವ್ರ ನಾ ಸುಮ್ನೆ ಇಸ್ಕಳಕ್ಕಾಯ್ತದಾ..." ಎಂದು ಕಾಲಿಗೆ ಬಾಗಿದ.

"ನೀ ದುಡ್ಡು ಕೊಡ್ಬ್ಯಾಡ," ಗುರುಮಲ್ಲಪ್ಪನವರು ಅವನ ಭುಜ ಹಿಡಿದು ತಡೆದರು. "ಗಾಡಿ ನಂಗೇ ಇರ್ಲಿ."

ಷಡಕ್ಷರಿ ಅರ್ಧ ಬಾಗಿದವನು ಅರ್ಧಕ್ಕೇ ನಿಂತ.

ಜಗಳಾಡಬಹುದಿತ್ತು. ಬಾಯಿಯೂ ತೆರೆದ. ಆದರೆ ಮತ್ತೆ ಹ್ಯಾಂಡಲ್ ಹಿಡಿದ ಆ ಎರಡು ಕೈ ಕಂಡ. ಬೆರಳುಗಳು ಅದನ್ನು ಮೆಲ್ಲಗೆ ಸವರುತ್ತಿದ್ದವು. ಗಾಜಿನ ಆಚೆ ನಿಂತಾಗ ತನ್ನ ಬೆರಳೂ ಗಾಜನ್ನು ಹೀಗೇ ಸವರುತ್ತಿತ್ತಲ್ಲ ಎನ್ನಿಸಿತು. ಮಾಲಿನಿಯ ಕಡೆ ತಿರುಗಿ, "ಇನ್ನೊಂದು ಕೆಂಪು?" ಎಂದು ಕೇಳಿದ.

"ನಲವತ್ತು ದಿನ ಆಗುತ್ತೆ ಸಾರ್," ಅಂದಳು ಅವಳು, ತನ್ನದೇ ತಪ್ಪೆಂಬಂತೆ. "ಒಂದನೇ ತಾರೀಕಿಂದ ಎರಡು ಸಾವಿರದ ಮುನ್ನೂರು ಜಾಸ್ತಿ."

"ಅದ್ಕೆ ಯಾಕ್ಲಾ ಚಿಂತೆ," ಗುರುಮಲ್ಲಪ್ಪನವರು ಧೈರ್ಯ ಹೇಳಿದರು. "ಚೌಕಾಸಿಗೆ ನಾ ಬತ್ತೀನಲ್ಲ."

ಪುಟ್ಟಮಾದಯ್ಯನವರು ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟರು. ಆಗ ಇನ್ನೊಂದು ವಿಷಯ ಎದುರಾಯಿತು: ಓನರಿಗೆ ಗಾಡಿ ಓಡಿಸಲು ಬರುವುದಿಲ್ಲ.

ಹೀಗಾಗಿ ಕೆಂಪು ಗಾಡಿಯನ್ನು ಊರಿಗೆ ಓಡಿಸಿಕೊಂಡು ಹೋದವನು ಷಡಕ್ಷರಿಯೇ. ಮಧುವನಹಳ್ಳಿ ದಾಟುತ್ತಲೇ ರಸ್ತೆ ತೆರೆದುಕೊಂಡಿತು. ಇಂಜಿನ್ನು ಕಾಲುಗಳ ನಡುವೆ ತೃಪ್ತ ಬೆಕ್ಕಿನಂತೆ ಗುರುಗುಟ್ಟಿತು. ಎಡಬಲದ ಹೊಲಗಳಿಂದ ಗಾಳಿ ಬಂದು ಅಂಗಿಯೊಳಗೆ ತುಂಬಿಕೊಂಡಿತು. ಏರು ಬಂತು, ಗಾಡಿ ಅದನ್ನು ಏರೆಂದು ಗಮನಿಸಲೇ ಇಲ್ಲ. ಷಡಕ್ಷರಿ ಆರು ವರ್ಷ ಕನಸಿದ್ದೆಲ್ಲವೂ ಹಾಗೆಯೇ ಇತ್ತು. ಅದಕ್ಕಿಂತ ಚೆನ್ನಾಗಿತ್ತು. ಹಿಂದಿನಿಂದ ಮಾತ್ರ ಬೆನ್ನಿಗೆ ಗುದ್ದು ಬೀಳುತ್ತಿತ್ತು: "ಗುಂಡಿ ಅದೆ ಕಣ್ಲಾ! ಮೆಲ್ಲಕ್ಕೆ! ನನ್ನ ಗಾಡಿ ಅದು!"

ಸಂಜೆ ಬಿಸಿಲು ಇರುವಾಗಲೇ ಊರು ಮುಟ್ಟಿದರು. ಸದ್ದು ಕೇಳಿ ದೀಪಶ್ರೀ ಆರತಿ ತಟ್ಟೆ ಹಿಡಿದು ಬೀದಿಗೇ ಓಡಿಬಂದಳು. ಹೊಸ ಸೀರೆ ಉಟ್ಟಿದ್ದಳು. ಚಕ್ರದ ಕೆಳಗೆ ನಿಂಬೆಹಣ್ಣಿಟ್ಟಳು, ಟ್ಯಾಂಕಿಗೆ ಕುಂಕುಮ ಹಚ್ಚಿದಳು, ಗಂಡನ ಹಣೆಗೂ ಹಚ್ಚಿದಳು. ಷಡಕ್ಷರಿ ಎರಡು ಸಲ ಬಾಯಿ ತೆರೆದ, ಎರಡು ಸಲವೂ ಮುಚ್ಚಿದ.

"ಹನ್ನೆರಡು ಸಾವ್ರದ ನಾನೂರು ಕಮ್ಮಿಗೆ ಬಂತು ಕಣವ್ವ," ಎಂದು ಗುರುಮಲ್ಲಪ್ಪನವರು ಇಳಿದರು. ಅವಳ ಮುಖ ನೋಡಿ ಚಪ್ಪಲಿಯನ್ನು ನೋಡಿಕೊಂಡರು.

"ನಿಮ್ಮಿಂದ್ಲೇ ಅಣ್ಣ," ಎಂದು ಅವಳು ಅವರ ಕಾಲಿಗೆ ಬಿದ್ದಳು. ಎದ್ದವಳೇ ತಟ್ಟೆಯನ್ನು ಜಗುಲಿಯ ಮೇಲಿಟ್ಟು, ಖಾಲಿಯಾದ ಹಿಂದಿನ ಸೀಟಿನ ಮೇಲೆ ಕೂತುಬಿಟ್ಟಳು. "ಒಂದು ಸುತ್ತು ಓಗ್ಮಾ?"

ಷಡಕ್ಷರಿ ಗುರುಮಲ್ಲಪ್ಪನವರ ಕಡೆ ನೋಡಿದ. ಗುರುಮಲ್ಲಪ್ಪನವರು ಆಕಾಶದ ಕಡೆ ನೋಡಿ, "ಒಂದೇ ಸುತ್ತು," ಅಂದರು.

ಗಾಡಿ ಹೊರಟಿತು. ಬೀದಿಯ ಜನ ಬಾಗಿಲಿಗೆ ಬಂದು ನೋಡಿದರು. ದೀಪಶ್ರೀ ಒಬ್ಬೊಬ್ಬರಿಗೂ ತಲೆಯಾಡಿಸಿ ನಕ್ಕಳು. ಗಂಡನ ಹೆಗಲಿನ ಮೇಲೆ ಕೈಯಿಟ್ಟು ಕಿವಿಯ ಹತ್ತಿರ ಬಗ್ಗಿದಳು.

"ಪಡಸಾಲೇಲಿ ಗಾಡಿ ನಿಲ್ಸಕ್ಕೆ ಜಾಗ ಮಾಡಿವ್ನಿ. ರಾಗಿ ಮೂಟೆಯೆಲ್ಲ ಒಬ್ಳೇ ಒಳಕ್ಕೆ ಎಳ್ದಾಕ್ದೆ. ಮಳೆ ಬಂದ್ರೂ ಒಂದು ಹನಿ ಬೀಳಲ್ಲ ಇದ್ರ ಮೇಲೆ."

ಷಡಕ್ಷರಿ ಗಾಡಿಯ ವೇಗ ಹೆಚ್ಚಿಸಿದ. ತಿರುಗಬೇಕಾದ ತಿರುವು ಬಂತು. ಅವನು ತಿರುಗದೆ ನೇರವಾಗಿ, ಕಾಡಿನ ಅಂಚಿನ ರಸ್ತೆಯ ಕಡೆಗೆ ಬಿಟ್ಟ. ಹಿಂದೆ ಬಹಳ ದೂರದಿಂದ ಗುರುಮಲ್ಲಪ್ಪನವರ ದನಿ ಕೇಳಿಸುತ್ತಿತ್ತು:

"ಒಂದೇ ಸುತ್ತು ಅಂದಿದ್ದು ಕಣ್ಲಾ! ಪೆಟ್ರೋಲು! ಲೇ, ಪೆಟ್ರೋಲು!"